ವೃದ್ಧಾಪ್ಯ ವೇತನಕ್ಕೂ ಬೇಕು ತುಟ್ಟಿಭತ್ಯೆ

ಸಂಧ್ಯಾ ಸುರಕ್ಷಾ ಯೋಜನೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 2007ರಲ್ಲಿ. 65 ವರ್ಷ ದಾಟಿದ ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು ಮತ್ತು ಇತರ ಅಸಂಘಟಿತ ದುಡಿಮೆಗಾರರಿಗೆ ಆಗ ನಿಗದಿಯಾದ ಮಾಸಾಶನ 400 ರೂಪಾಯಿ. 2018ರ ಆರಂಭದಲ್ಲಿ ಅದು 600 ರೂಪಾಯಿ ಇತ್ತು. ಅದೇ ವರ್ಷ 1,000ಕ್ಕೆ ಏರಿತು. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನವೇ ಮೊತ್ತವನ್ನು 1,200 ರೂಪಾಯಿಗೆ ಹೆಚ್ಚಿಸುವ ಘೋಷಣೆ ಹೊರಬಿತ್ತು. ಅದಾಗಿ ನಾಲ್ಕು ವರ್ಷ ಕಳೆದು 2025 ಬಂದರೂ ಮೊತ್ತ ಅಲ್ಲಿಯೇ ನಿಂತಿತ್ತು. ಮುಂದಿನ ಏರಿಕೆ ಯಾವಾಗ, ಎಷ್ಟು ಎಂಬುದಕ್ಕೆ ಯಾವ ಕಾನೂನಿನಲ್ಲೂ ಉತ್ತರವಿಲ್ಲ.

ಈ ಏರಿಕೆಗಳನ್ನು ಬೆಲೆಗಳ ಪಕ್ಕದಲ್ಲಿಟ್ಟು ನೋಡಿದರೆ ಅಚ್ಚರಿಯ ಸಂಗತಿಯೊಂದು ಹೊರಬರುತ್ತದೆ. 2007ರ 400 ರೂಪಾಯಿಯನ್ನು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಜೊತೆಗೇ ಏರಿಸುತ್ತ ಬಂದಿದ್ದರೆ 2018ರಲ್ಲಿ ಅದು 900 ರೂಪಾಯಿ, 2025ರ ಮಧ್ಯಭಾಗದಲ್ಲಿ 1,280 ರೂಪಾಯಿಯ ಆಸುಪಾಸು ಇರುತ್ತಿತ್ತು. ಚುನಾವಣೆ, ಬಜೆಟ್ ಭಾಷಣ, ಹೊಸ ಸರ್ಕಾರದ ಹುಮ್ಮಸ್ಸು ಎಲ್ಲ ಸೇರಿ 18 ವರ್ಷಗಳಲ್ಲಿ ಕೊಡಿಸಿದ್ದು, ಒಂದು ಸರಳ ಸೂತ್ರ ತಾನಾಗಿಯೇ ಕೊಡುತ್ತಿದ್ದುದಕ್ಕಿಂತ ತುಸು ಕಡಿಮೆ. ಅಂದರೆ ಬೆಲೆಗೆ ತಕ್ಕ ಏರಿಕೆಯ ಹೊರೆಯನ್ನು ಖಜಾನೆ ಹೆಚ್ಚುಕಡಿಮೆ ಈಗಾಗಲೇ ಹೊತ್ತಿದೆ. ಹೊರಲಾಗದ ಭಾರ ಎಂಬ ವಾದಕ್ಕೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಗಲಾರದು.

ಕಷ್ಟ ಬಿದ್ದದ್ದು ನಡುವಿನ ವರ್ಷಗಳಲ್ಲಿ. 2018ರ ಆರಂಭದಲ್ಲಿ 900 ರೂಪಾಯಿ ಇರಬೇಕಿದ್ದ ಕಡೆ 600 ರೂಪಾಯಿಯಷ್ಟೇ ಇತ್ತು. ಮೂಲ ಮೊತ್ತದ ಕೊಳ್ಳುವ ಶಕ್ತಿಯಲ್ಲಿ ಮೂರನೇ ಒಂದು ಪಾಲು ಕರಗಿಹೋಗಿತ್ತು. 2021ರ 1,200 ರೂಪಾಯಿಗೆ 2025ರಲ್ಲಿ ಉಳಿದದ್ದು ಅಂದಿನ ಸುಮಾರು 1,000 ರೂಪಾಯಿಯ ಬೆಲೆ. ಆಗ ಕೊಟ್ಟ 200 ರೂಪಾಯಿಯ ಹೆಚ್ಚಳವನ್ನು ಅಕ್ಕಿ, ಬೇಳೆ, ಮಾತ್ರೆ, ಬಸ್ ಚಾರ್ಜು ತಿಂದು ಮುಗಿಸಿವೆ. ನೌಕರರ ವೇತನ ಪರಿಷ್ಕರಣೆ ತಡವಾದರೆ ಹಿಂಬಾಕಿ ಕೇಳಲು ಸಂಘವಿದೆ. ಮಾಸಾಶನಕ್ಕೆ ಹಿಂಬಾಕಿಯ ಮಾತೇ ಇಲ್ಲ. ಎಪ್ಪತ್ತೆರಡರ ಮುದುಕಿಗೆ ಇನ್ನೈದು ವರ್ಷ ಕಾಯಿ ಎಂದು ಹೇಳುವುದು, ಅನೇಕರ ಪಾಲಿಗೆ, ಕೊಡುವುದಿಲ್ಲ ಎಂದು ಹೇಳಿದಂತೆಯೇ. 2018ರ ಏರಿಕೆಯನ್ನು ನೋಡದೆಯೇ ತೀರಿಕೊಂಡವರ ನಷ್ಟವನ್ನು ಯಾವ ಘೋಷಣೆಯೂ ತುಂಬಿಕೊಡಲಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಈ ಹಣವನ್ನು ನೆಚ್ಚಿಕೊಂಡವರು ಯಾರು ಎಂಬುದನ್ನು ಮರೆತು ಲೆಕ್ಕ ಹಾಕಲಾಗದು. ನೂಲು ಬಿಚ್ಚಣಿಕೆ ಘಟಕಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೈ ಸುಕ್ಕಾಗುವವರೆಗೆ ಕೂತವರು, ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊತ್ತವರು, ಕೊಳವೆಬಾವಿ ಬತ್ತಿದ ಮೇಲೆ ಕೂಲಿಗಿಳಿದ ತುಂಡು ಹಿಡುವಳಿದಾರರು. ಇವರಲ್ಲಿ ಹೆಚ್ಚಿನವರಿಗೆ ಭವಿಷ್ಯನಿಧಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ರೇಷ್ಮೆ, ಹಾಲು, ತರಕಾರಿಗಳಿಂದ ಈ ಸೀಮೆ ಗಳಿಸಿದ ಹೆಸರಿನ ಹಿಂದೆ ಇರುವುದು ಇವರ ದುಡಿಮೆಯೇ. ಮಾಸಾಶನವನ್ನು ಸರ್ಕಾರದ ಔದಾರ್ಯವೆಂದು ಕಾಣುವ ಬದಲು, ದುಡಿಯುವ ಕಾಲದಲ್ಲಿ ಯಾವ ಮಾಲೀಕನೂ ಕಟ್ಟದೆ ಹೋದ ವಂತಿಗೆಗೆ ಸಮಾಜ ತಡವಾಗಿ ಸಲ್ಲಿಸುವ ಪರಿಹಾರವೆಂದು ಕಾಣುವುದೇ ನ್ಯಾಯ.

ಬೆಲೆ ಏರಿಕೆಗೆ ಅನುಗುಣವಾಗಿ ಹಣ ಏರಬೇಕೆಂಬ ತತ್ವ ಸರ್ಕಾರಕ್ಕೆ ಹೊಸದಲ್ಲ. ನಿವೃತ್ತ ಸರ್ಕಾರಿ ನೌಕರರ ಪಿಂಚಣಿಗೆ ವರ್ಷಕ್ಕೆ ಎರಡು ಬಾರಿ ತುಟ್ಟಿಭತ್ಯೆ ಸೇರುತ್ತದೆ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದಾಗ ಅವರ ಕನಿಷ್ಠ ಪಿಂಚಣಿ 8,500ರಿಂದ 13,500 ರೂಪಾಯಿಗೆ ಏರಿತು. ಮಾಜಿ ಶಾಸಕರ ಪಿಂಚಣಿಯನ್ನು 50,000ದಿಂದ 75,000 ರೂಪಾಯಿಗೆ ಏರಿಸುವ ಮಸೂದೆಗೆ 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ನೀಡಿತು. ಉದ್ಯೋಗ ಖಾತರಿಯ ಕೂಲಿಯನ್ನು ಕೇಂದ್ರ ಸರ್ಕಾರ ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಿಸುತ್ತ ಬಂದಿತು. ಕರ್ನಾಟಕದಲ್ಲಿ ಅದು 2021-22ರ 289 ರೂಪಾಯಿಯಿಂದ 2025-26ರಲ್ಲಿ 370 ರೂಪಾಯಿಯಾಯಿತು. ಹೀಗೆ ಒಂದೇ ಮನೆಯಲ್ಲಿ ಮಗನ ದಿನಗೂಲಿ ನಾಲ್ಕು ವರ್ಷದಲ್ಲಿ ಶೇ 28ರಷ್ಟು ಹೆಚ್ಚಿತು, ತಾಯಿಯ ಮಾಸಾಶನ ಬಿಡಿಗಾಸೂ ಹೆಚ್ಚಲಿಲ್ಲ. ಬೆಲೆ ಏರಿದಾಗ ಎಲ್ಲರಿಗಿಂತ ಮೊದಲು ಹೊಟ್ಟೆಗೆ ಹೊಡೆತ ಬೀಳುವವರನ್ನೇ ಈ ರಕ್ಷಣೆಯಿಂದ ಹೊರಗಿಟ್ಟದ್ದಕ್ಕೆ ಸಮರ್ಥನೆ ಕಾಣದು.

ಹೊಸಕೋಟೆ, ಚಿಂತಾಮಣಿ ದಾಟಿ ಆಂಧ್ರದ ಮದನಪಲ್ಲಿಗೆ ಹೋಗುವ ರಸ್ತೆಯ ಆ ತುದಿಯಲ್ಲಿ ಬೇರೆಯೇ ಚಿತ್ರವಿದೆ. ಗಡಿಯಾಚೆ ನೆಂಟಸ್ತನ ಇರುವ ಚಿಂತಾಮಣಿ ತಾಲ್ಲೂಕಿನಲ್ಲಿ ಹೋಲಿಕೆ ಸಹಜ. ಆಂಧ್ರಪ್ರದೇಶದಲ್ಲಿ 2019ರಲ್ಲಿ 2,250 ರೂಪಾಯಿ ಇದ್ದ ಪಿಂಚಣಿ 250 ರೂಪಾಯಿಯ ಮೆಟ್ಟಿಲುಗಳಲ್ಲಿ ಏರಿ 2024ರ ಜನವರಿಗೆ 3,000 ಆಯಿತು. ಸರ್ಕಾರ ಬದಲಾದ ಮೇಲೆ ಅದೇ ವರ್ಷ ಒಂದೇ ಜಿಗಿತಕ್ಕೆ 4,000 ರೂಪಾಯಿ ಮುಟ್ಟಿತು. ಅಲ್ಲಿನ ಫಲಾನುಭವಿಗಳು ಸುಮಾರು 65 ಲಕ್ಷ. ವಾರ್ಷಿಕ ವೆಚ್ಚ 30,000 ಕೋಟಿ ರೂಪಾಯಿ ಮೀರುತ್ತದೆ. ಆ ಮೊತ್ತವನ್ನು ಕರ್ನಾಟಕ ನಾಳೆಯೇ ಸರಿಗಟ್ಟಬೇಕೆಂದು ಕೇಳುವುದು ವಿವೇಕವಲ್ಲ. ಇಲ್ಲಿ ವಿಧವೆಯರು, ಅಂಗವಿಕಲರು ಸೇರಿ ಎಲ್ಲ ಬಗೆಯ ಸಾಮಾಜಿಕ ಭದ್ರತಾ ಪಿಂಚಣಿ ಪಡೆಯುವವರು ಮುಕ್ಕಾಲು ಕೋಟಿಗೂ ಹೆಚ್ಚು. ಎಲ್ಲರಿಗೂ 4,000 ಕೊಟ್ಟರೆ ಖರ್ಚು 36,000 ಕೋಟಿ ದಾಟುತ್ತದೆ. ಮೊತ್ತ ಎಷ್ಟಿರಬೇಕು ಎಂಬುದು ಒಂದು ಪ್ರಶ್ನೆ. ಒಮ್ಮೆ ಕೊಟ್ಟದ್ದು ಸವೆಯದಂತೆ ಕಾಯುವುದು ಇನ್ನೊಂದು. ಎರಡನೆಯದಕ್ಕೆ ತಗಲುವ ಹಣ ತೀರಾ ಚಿಕ್ಕದು.

ಈ ಎಲ್ಲ ಪಿಂಚಣಿಗಳಿಗೆ ರಾಜ್ಯ ವರ್ಷಕ್ಕೆ ವ್ಯಯಿಸುವುದು ಸುಮಾರು 10,000 ಕೋಟಿ ರೂಪಾಯಿ. ಶೇ 5ರ ಏರಿಕೆ ಎಂದರೆ ಮೊದಲ ವರ್ಷ 500 ಕೋಟಿ. 2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ. ಅಂದರೆ ಈ ಏರಿಕೆ ಬಜೆಟ್‌ನ ನೂರು ರೂಪಾಯಿಯಲ್ಲಿ 12 ಪೈಸೆ. 7ನೇ ವೇತನ ಆಯೋಗದ ಜಾರಿಗೆ ಅಂದಾಜಿಸಿದ ಹೆಚ್ಚುವರಿ ವೆಚ್ಚವೇ ವರ್ಷಕ್ಕೆ 20,208 ಕೋಟಿ. ಏರಿಕೆ ವರ್ಷ ವರ್ಷವೂ ಪೇರಿಕೊಳ್ಳುತ್ತದೆ ಎಂಬ ಆತಂಕ ಸರಿಯಾದದ್ದೇ. ಶೇ 5ರಂತೆ ಹತ್ತು ವರ್ಷಕ್ಕೆ 10,000 ಕೋಟಿ 16,300 ಕೋಟಿಯಾಗುತ್ತದೆ. ಆದರೆ ಖಜಾನೆಯ ವರಮಾನವೂ ಬೆಲೆಯ ಜೊತೆಗೇ ಏರುವಂಥದ್ದು. ಜಿಎಸ್‌ಟಿ, ಇಂಧನದ ಮಾರಾಟ ತೆರಿಗೆ, ಮುದ್ರಾಂಕ ಶುಲ್ಕ ಎಲ್ಲವೂ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಬರುತ್ತವೆ. ಸೋಪಿನ ಬೆಲೆ ಏರಿದರೆ ಅದನ್ನು ಕೊಂಡ ಅಜ್ಜಿ ಕಟ್ಟುವ ತೆರಿಗೆ ತಾನಾಗಿ ಏರುತ್ತದೆ. ಅವಳಿಗೆ ಬರುವ ಮಾಸಾಶನ ಮಾತ್ರ ಸಚಿವ ಸಂಪುಟದ ತೀರ್ಮಾನಕ್ಕೆ ಕಾಯಬೇಕು. 2015-16ರಲ್ಲಿ 1.42 ಲಕ್ಷ ಕೋಟಿಯಿದ್ದ ಬಜೆಟ್ ಹತ್ತು ವರ್ಷದಲ್ಲಿ ಸುಮಾರು ಮೂರು ಪಟ್ಟಾಯಿತು. ಅದೇ ಅವಧಿಯಲ್ಲಿ ಬೆಲೆಗಳು ಏರಿದ್ದು ಶೇ 60ರ ಒಳಗೆ.

ನಿಜವಾದ ಭಾರ ಬರುವುದು ವೃದ್ಧರ ಸಂಖ್ಯೆಯಿಂದ. 2011ರ ಜನಗಣತಿಯಂತೆ ರಾಜ್ಯದಲ್ಲಿ 60 ದಾಟಿದವರು ಶೇ 9.5, 2031ರ ಹೊತ್ತಿಗೆ ಅದು ಶೇ 15ರ ಸಮೀಪ ಬರಲಿದೆ ಎಂಬುದು ಅಧಿಕೃತ ಅಂದಾಜು. ಈ ಖರ್ಚನ್ನು ತಲಾ ಮೊತ್ತ ಸವೆಯಲು ಬಿಟ್ಟು ಸರಿದೂಗಿಸುವುದೆಂದರೆ, ಮುದುಕರು ಹೆಚ್ಚಾದಷ್ಟೂ ಪ್ರತಿಯೊಬ್ಬರ ತಟ್ಟೆಯಿಂದ ತುಸು ತುಸು ತೆಗೆದಂತೆ.

ಆದ್ದರಿಂದ ಏರಿಕೆಯ ಸೂತ್ರ ಎಂಥದ್ದು ಎಂಬುದು ಮುಖ್ಯ. ರಾಜಸ್ಥಾನ 2023ರಲ್ಲಿ ತಂದ ಕನಿಷ್ಠ ಖಾತರಿ ಆದಾಯ ಕಾಯ್ದೆ ಪಿಂಚಣಿಗೆ ವರ್ಷಕ್ಕೆ ಶೇ 15ರ ಏರಿಕೆ ಬರೆದುಕೊಟ್ಟಿತು. ಆ ವೇಗದಲ್ಲಿ ಮೊತ್ತ ಐದೇ ವರ್ಷಕ್ಕೆ ಇಮ್ಮಡಿಯಾಗುತ್ತದೆ. ಬಳಿಕ ಬಂದ ಸರ್ಕಾರ 2024ರಲ್ಲಿ 1,150 ಕೊಟ್ಟಿತು. 2025ರ ಬಜೆಟ್‌ನಲ್ಲಿ 1,250 ಎಂದಿತು. ಎರಡನೇ ವರ್ಷಕ್ಕೇ ಶೇ 15 ಕೈತಪ್ಪಿತು. ಬ್ರಿಟನ್‌ನಲ್ಲಿ ಬೆಲೆ ಏರಿಕೆ, ಸರಾಸರಿ ವೇತನದ ಏರಿಕೆ, ಶೇ 2.5 ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಪಿಂಚಣಿ ಏರುತ್ತದೆ. ಕೋವಿಡ್ ನಂತರ ವೇತನದ ಅಂಕಿ ಅಸಹಜವಾಗಿ ನೆಗೆದಾಗ 2022ರಲ್ಲಿ ವೇತನದ ಕೊಂಡಿಯನ್ನು ಒಂದು ವರ್ಷ ಕಳಚಬೇಕಾಯಿತು. ಮರುವರ್ಷ ಬೆಲೆ ಏರಿಕೆಯನ್ನು ಅನುಸರಿಸಿ ಶೇ 10.1 ಏರಿಸಲಾಯಿತು. ಬರೀ ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಸೂತ್ರಕ್ಕೆ ರಾಜಸ್ಥಾನದ ನಿಗದಿತ ವೇಗ, ಬ್ರಿಟನ್‌ನ ವೇತನದ ಕೊಂಡಿ ಈ ಎರಡರ ಅಪಾಯವೂ ಇಲ್ಲ. ಬೆಲೆ ಏರದಿದ್ದರೆ ಖರ್ಚೂ ಏರದು.

ಮನೆಯ ಯಜಮಾನಿಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಇರುವಾಗ ಇದೇಕೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅಜ್ಜಿಯೇ ಪಡಿತರ ಚೀಟಿಯ ಯಜಮಾನಿಯಾಗಿರುವ ಮನೆಗಳಲ್ಲಿ ಆ ಹಣ ದೊಡ್ಡ ಆಸರೆ. ಆದರೆ ಹೆಂಡತಿ ತೀರಿಹೋದ ಒಂಟಿ ಮುದುಕನಿಗೆ ಅದು ಸಿಗದು. ಸೊಸೆಯ ಹೆಸರಿಗೆ ಬಂದ ಹಣದಲ್ಲಿ ಅತ್ತೆಗೆ ಹಕ್ಕಿಲ್ಲ. ಮಾಸಾಶನ ವ್ಯಕ್ತಿಯ ಸ್ವಂತ ಹೆಸರಿಗೆ ಬರುವ ಹಣ. ಮುಪ್ಪಿನಲ್ಲಿ ಯಾರೆದುರೂ ಕೈಚಾಚದೆ ಗುಳಿಗೆ ಕೊಳ್ಳಲು ಆಗುವುದು ಅದರಿಂದಲೇ.

ಸೂತ್ರ ಬಂದರೆ ಅದು ಇನ್ನೆರಡು ಅಂಕಿಗಳಿಗೂ ಅನ್ವಯಿಸಬೇಕು. ಒಂದು, ಅರ್ಹತೆಗೆ ವಿಧಿಸಿರುವ 32,000 ರೂಪಾಯಿಯ ವಾರ್ಷಿಕ ಆದಾಯ ಮಿತಿ. ಕೂಲಿ ಏರುತ್ತ ಮಿತಿ ನಿಂತಲ್ಲೇ ನಿಂತರೆ, ಬಡತನ ನೀಗದವರೂ ನಾಡಕಚೇರಿಯ ದಾಖಲೆಯಲ್ಲಿ ಅನರ್ಹರಾಗುತ್ತಾರೆ. ಇನ್ನೊಂದು, ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರ ಕೊಡುವ 200 ರೂಪಾಯಿ. 2007ರಿಂದ ಅದು ಕದಲಿಲ್ಲ. ಬೆಲೆಯ ಲೆಕ್ಕದಲ್ಲಿ ಈಗ ಅದರ ಮೂರನೇ ಒಂದು ಪಾಲಷ್ಟೇ ಉಳಿದಿದೆ. ಅದನ್ನು 500ಕ್ಕೆ ಏರಿಸಿ ಎಂದು 2017ರ ಡಿಸೆಂಬರ್‌ನಲ್ಲಿ 60 ಅರ್ಥಶಾಸ್ತ್ರಜ್ಞರು ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರಿಗೆ ಪತ್ರ ಬರೆದಿದ್ದರು. ಕೇಂದ್ರದ ಪಾಲು ಹೀಗೆ ಕುಗ್ಗುತ್ತ ಹೋದಷ್ಟೂ ರಾಜ್ಯದ ಪಾಲು ಹಿಗ್ಗುತ್ತದೆ. ಸೂಚ್ಯಂಕದ ಕೊಂಡಿಯನ್ನು ಬೆಂಗಳೂರಿನಲ್ಲಿ ಹಾಕುವವರು ಅದನ್ನೇ ದೆಹಲಿಯಲ್ಲೂ ಕೇಳಬೇಕಾದದ್ದು ಈ ಕಾರಣಕ್ಕೆ.