ಮಂಡಿ ಚೀಲ ಹಾಕ್ಕೊಳ್ಳಿ, ಆದ್ರೆ ಅದನ್ನೇ ಔಷಧಿ ಅಂದ್ಕೋಬೇಡಿ

ಕೊನೆ ಕೊಯ್ಲು ಶುರುವಾಗಿ ಇವತ್ತಿಗೆ ಹನ್ನೆರಡು ದಿನ. ಚಳಿ ಈ ಸಲ ಜೋರಾಗೇ ಬಿದ್ದಿದೆ. ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಇಳಿದ್ರೆ ಇಬ್ಬನಿ ಇನ್ನೂ ಸೋಗೆಯಿಂದ ತೊಟ್ಟಿಕ್ತಾ ಇರುತ್ತೆ. ಮೊನ್ನೆ ಪಂಚೆ ಎತ್ತಿ ಕಟ್ಟಿ ಕಾದಿಗೆ ದಾಟುವಾಗ ನನ್ನ ಎರಡೂ ಕಾಲಿನ ಕಪ್ಪು ಮಂಡಿ ಚೀಲ ಕೊನೆ ತೆಗೆಯೋನ ಕಣ್ಣಿಗೆ ಬಿತ್ತು. "ಏನಣ್ಣ, ಕ್ರಿಕೆಟ್ ಆಡಕ್ಕೆ ಹೊರಟ್ಯಾ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದ್ರೆ ಅವತ್ತು ಸಂಜೆಯೊಳಗೆ, ನಕ್ಕವರಲ್ಲೇ ಮೂರು ಜನ ಬೇರೆ ಬೇರೆಯಾಗಿ ಹತ್ರ ಬಂದು ಕೇಳಿದ್ರು: "ಅದು ಎಲ್ಲಿ ಸಿಗುತ್ತೆ? ನಿಜವಾಗ್ಲೂ ಕಡಿಮೆ ಆಗುತ್ತಾ?" ಮೂರೂ ಜನ ದನಿ ತಗ್ಗಿಸಿ ಕೇಳಿದ್ರು. ಮಂಡಿ ನೋವು ಅನ್ನೋದನ್ನ ನಾವು ಸಾಲದ ವಿಷಯದ ಹಾಗೆ ಮುಚ್ಚಿಟ್ಕೊಳ್ತೀವಿ ಅಂತ ಅವತ್ತು ಅನ್ನಿಸ್ತು. ಅದಕ್ಕೇ ಇದನ್ನ ಬರೀತಾ ಇದೀನಿ. ನಾನು ಡಾಕ್ಟ್ರಲ್ಲ. 57 ವರ್ಷದ, ಎರಡೂ ಮಂಡಿ ಸವೆದಿರೋ ಒಬ್ಬ ಅಡಿಕೆ ಬೆಳೆಗಾರ. ಡಾಕ್ಟ್ರ ಹತ್ರ ಕೇಳಿ ತಿಳ್ಕೊಂಡಿದ್ದು, ನನ್ನ ಕಾಲಲ್ಲಿ ನೋಡಿದ್ದು, ಇಷ್ಟೇ ಇಲ್ಲಿರೋದು.

ಮೊದಲು ಚೀಲದ ಕೆಲಸ ಏನು ನೋಡಿ. ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ನಿಯೋಪ್ರಿನ್ ಅನ್ನೋ ರಬ್ಬರಿನದು, ಇಲ್ಲಾ ಉಣ್ಣೆ ಹೆಣಿಗೆದು. ಅದರೊಳಗೆ ಶಾಖ ಹುಟ್ಟೋದಿಲ್ಲ. ನಮ್ಮ ಮೈ ಶಾಖವನ್ನೇ ಹೊರಗೆ ಹೋಗದ ಹಾಗೆ ಹಿಡಿದಿಡುತ್ತೆ. ಅಜ್ಜನ ಕಂಬಳಿ ಮಾಡ್ತಿದ್ದ ಕೆಲಸ ಅದೇ. ಬೆಚ್ಚಗಾದ್ರೆ ಮಂಡಿ ಸುತ್ತಲ ಸ್ನಾಯು ಬಿಗಿ ಬಿಡುತ್ತೆ, ರಕ್ತ ಚೆನ್ನಾಗಿ ಓಡುತ್ತೆ, ನೋವು ಸ್ವಲ್ಪ ಮಂದ ಆಗುತ್ತೆ. ಇನ್ನೊಂದು, ಚೀಲ ಹಿತವಾಗಿ ಒತ್ತಿ ಹಿಡಿದಿರೋದರಿಂದ ಕಾಲು ಎಲ್ಲಿ ಊರ್ತಾ ಇದೆ ಅನ್ನೋ ಅಂದಾಜು ಚೆನ್ನಾಗಿ ಸಿಗುತ್ತೆ. ಧರೆ ಇಳಿಯುವಾಗ, ಸಂಕ ದಾಟುವಾಗ ಮಂಡಿ ಕೈಕೊಡುತ್ತೇನೋ ಅನ್ನೋ ಹೆದರಿಕೆ ನನಗೆ ಅರ್ಧ ಕಡಿಮೆ ಆಗಿದ್ದು ಇದರಿಂದಲೇ.

ನನ್ನ ಲೆಕ್ಕದಲ್ಲಿ ಹೇಳೋದಾದ್ರೆ, ಮೊದಲು ಬೆಳಿಗ್ಗೆ ಎದ್ದ ಮೇಲೆ ಇಪ್ಪತ್ತು ನಿಮಿಷ ಬಚ್ಚಲ ಒಲೆ ಮುಂದೆ ಕಾಲು ಚಾಚಿ ಕೂರದೆ ಮೆಟ್ಟಿಲು ಇಳಿಯೋಕೆ ಆಗ್ತಿರಲಿಲ್ಲ. ಈಗ ಎದ್ದ ಕೂಡಲೇ ಚೀಲ ಏರಿಸ್ತೀನಿ, ಅಂಗಳದಲ್ಲಿ ನಾಲ್ಕು ಸುತ್ತು ಹಾಕ್ತೀನಿ, ಆಮೇಲೆ ತೋಟ. ನೋವು ಹೋಗಿದೆ ಅಂತಲ್ಲ. ಹಿಡಿದ್ಕೊಳ್ಳೋದು ಬೇಗ ಬಿಡುತ್ತೆ.

ಇನ್ನು ಅದು ಏನು ಮಾಡಲ್ಲ ಅನ್ನೋದು. ಸವೆದ ಮೃದ್ವಸ್ಥಿ, ಅಂದ್ರೆ ಮೂಳೆ ತುದಿಯ ನುಣುಪು ಪದರ, ಚೀಲದಿಂದ ಮತ್ತೆ ಬೆಳೆಯಲ್ಲ. ಮೊಬೈಲಲ್ಲಿ ಬರೋ ಜಾಹೀರಾತಿನಲ್ಲಿ ಆಯಸ್ಕಾಂತದ ಚೀಲ, ತಾಮ್ರದ ಚೀಲ, ತಾನೇ ಬಿಸಿಯಾಗೋ ಚೀಲ ಅಂತ ತೋರಿಸ್ತಾರಲ್ಲ, ಹದಿನೈದು ದಿನಕ್ಕೆ ಸವೆತ ವಾಸಿ ಅಂತಾರಲ್ಲ, ಅದನ್ನ ನಂಬಿ ಸಾವಿರಾರು ಕೊಡಬೇಡಿ. ಆಯಸ್ಕಾಂತ ಕಟ್ಟಿದ್ರೆ ಸವೆತ ಕೂಡ್ಕೊಳುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಗೊರಬು ಹಾಕ್ಕೊಂಡ್ರೆ ಮಳೆ ನಿಲ್ಲಲ್ಲ, ಆದ್ರೆ ಮಳೇಲಿ ಕೆಲಸ ಮಾಡಬಹುದು. ಮಂಡಿ ಚೀಲವೂ ಅಷ್ಟೇ. ನನ್ನದು ಜೋಡಿಗೆ 650 ರೂಪಾಯಿ. ಅದಕ್ಕಿಂತ ಜಾಸ್ತಿ ಕೊಡೋ ಅಗತ್ಯ ನನಗೆ ಕಾಣಲಿಲ್ಲ.

ಇಷ್ಟೇ ಆಗಿದ್ರೆ ಇಷ್ಟುದ್ದ ಬರೀತಾ ಇರಲಿಲ್ಲ. ನಿಜವಾದ ವಿಷಯ ಈಗ ಬರ್ತಾ ಇದೆ.

ನಾನು ಚೀಲ ತಂದು ಒಂದು ವಾರ ಆಗಿತ್ತು. ಹಗ್ಗ ಹುಡುಕ್ತಾ ಕೊಟ್ಟಿಗೆ ಹಿಂದೆ ಹೋದೆ. ಅಲ್ಲಿ ತಂತಿ ಮೇಲೆ ಎರಡು ಉಣ್ಣೆ ಚೀಲ ಒಣಗಿ ಹಾಕಿತ್ತು. ಬಣ್ಣ ನೋಡಿದ್ರೆ ಗುರುತು ಸಿಕ್ತು, ನನ್ನ ಹಳೇ ಸ್ವೆಟರಿನ ತೋಳು. ಇಲಿ ಕಡಿದು ಹಾಕಿದೆ ಅಂತ ನಾನು ಮರೆತೇಬಿಟ್ಟಿದ್ದ ಸ್ವೆಟರ್. ಮನೆಯಾಕೆನ ಕೇಳಿದೆ. "ನಂದು. ನಾಲ್ಕು ವರ್ಷ ಆಯ್ತು. ಸೀರೆ ಒಳಗೆ ಯಾರಿಗೆ ಕಾಣುತ್ತೆ?" ಅಂದ್ಲು.

ನಾಲ್ಕು ವರ್ಷ. ನಾನು ನಾಲ್ಕು ತಿಂಗಳ ನೋವಿಗೆ ಪೇಟೆಗೆ ಹೋಗಿ ಎಕ್ಸ್‌ರೇ ತೆಗೆಸಿ ಚೀಲ ತಂದು ಮನೆಯವರಿಗೆಲ್ಲ ತೋರಿಸಿದ್ದೆ.

ಲೆಕ್ಕ ಹಾಕಿದ್ರೆ ಮಂಡಿ ಜಾಸ್ತಿ ಸವೆದಿರೋದು ಅವಳದೇ. ನಾಟಿ ಗದ್ದೇಲಿ ಬಗ್ಗಿದವಳು ಅವಳು. ಕುಕ್ಕರಗಾಲಲ್ಲಿ ಕೂತು ದಿನಕ್ಕೆ ಎರಡು ಸಲ ಹಾಲು ಕರೆದವಳು, ಸಗಣಿ ಬಾಚಿದವಳು ಅವಳು. ಸುಗ್ಗೀಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಮಂಡಿ ಮಡಚಿ ಕೂತು ಅಡಿಕೆ ಸುಲಿದವಳೂ ಅವಳೇ. ನಾನು ತೋಟ ಸುತ್ತಿದ್ದು ಜಾಸ್ತಿ, ಕೂತಿದ್ದು ಕಡಿಮೆ.

ಅದಕ್ಕಿಂತ ಕೆಟ್ಟ ಸುದ್ದಿ ಆಮೇಲೆ ಗೊತ್ತಾಯ್ತು. ಆ ನಾಲ್ಕು ವರ್ಷದಲ್ಲಿ ಮೂರು ಸುಗ್ಗಿ ಪೂರ್ತಿ ದಿನಾ ರಾತ್ರಿ ಒಂದು ನೋವಿನ ಮಾತ್ರೆ ನುಂಗಿದ್ಲು. ಅಂಗಡಿಯಲ್ಲಿ ಚೀಟಿ ಕೇಳದೆ ಕೊಡೋ ಮಾತ್ರೆ. ಮಾರನೇ ವಾರ ಡಾಕ್ಟ್ರ ಹತ್ರ ಕರ್ಕೊಂಡು ಹೋದಾಗ ಬಿಪಿ ಜಾಸ್ತಿ ಇತ್ತು, ರಕ್ತ ಪರೀಕ್ಷೇಲಿ ಕ್ರಿಯಾಟಿನಿನ್ 1.6 ಬಂತು. ಕಿಡ್ನಿ ಕೆಲಸ ಕುಗ್ಗಿದೆ ಅಂದ್ರು, ಆ ಮಾತ್ರೆ ಅವತ್ತೇ ನಿಲ್ಲಿಸಿ ಅಂದ್ರು. ಈಗ ಎಂಟು ತಿಂಗಳಾಯ್ತು, 1.4ಕ್ಕೆ ಇಳಿದಿದೆ. ಪೂರ್ತಿ ಇಳಿಯುತ್ತೋ ಇಲ್ವೋ ಹೇಳೋಕೆ ಬರಲ್ಲ ಅಂದಿದಾರೆ.

ಅದಕ್ಕೇ ಹೇಳ್ತೀನಿ, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಂತ ಪಟ್ಟಿ ಮೇಲೆ ಬರೆದಿರೋ ಮಾತ್ರೆಗಳನ್ನ ಡಾಕ್ಟ್ರು ಹೇಳದೆ ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣಾಗುತ್ತೆ, ಬಿಪಿ ಏರುತ್ತೆ, ಕಿಡ್ನಿಗೆ ಪೆಟ್ಟು ಬೀಳುತ್ತೆ. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಕೊಡೋ ವಾತದ ಪುಡಿಯೂ ಬೇಡ. ಎರಡೇ ದಿನಕ್ಕೆ ನೋವು ಮಾಯ ಆದ್ರೆ ಖುಷಿ ಪಡೋದಲ್ಲ, ಅನುಮಾನ ಪಡಬೇಕು. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಹೊಸದಲ್ಲ. ಇವಕ್ಕೆಲ್ಲ ಹೋಲಿಸಿದ್ರೆ 650 ರೂಪಾಯಿ ಚೀಲ, ಬಿಸಿ ಉಪ್ಪಿನ ಗಂಟಿನ ಶಾಖ, ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದೆಲೆ, ಇವೇ ಎಷ್ಟೋ ವಾಸಿ. ವಾಸಿ ಮಾಡದಿದ್ರೂ ಕಿಡ್ನಿ ತಿನ್ನಲ್ಲ.

ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದೆ ಇರಬಹುದು, ಆದ್ರೂ ಹೇಳ್ತೀನಿ. ಮಂಡಿಗೆ ಚೀಲ ಹಾಕೋಕೆ ಮೊದಲು ಕೆಲಸದ ಎತ್ತರ ಬದಲಾಯಿಸಬೇಕು. ನಾವು ಎಷ್ಟು ಜನ ಸಾಲ ಮಾಡಿ ಫೈಬರ್ ದೋಟಿ ತಗೊಂಡ್ವಿ, ಕಳೆ ಕತ್ತರಿಸೋ ಮಷಿನ್ ತಗೊಂಡ್ವಿ, ಎರಡನೇ ಪಂಪು ಇಳಿಸಿದ್ವಿ. ಹಾಲು ಕರೆಯೋಳಿಗೆ ಒಂದು ಗಟ್ಟಿ ಸ್ಟೂಲು ಎಷ್ಟು ಮನೇಲಿದೆ? ಮೆಟ್ಟುಗತ್ತಿ ಎತ್ತರಿಸಿ, ಬೆಂಚಿನ ಮೇಲೆ ಕೂತು ಸುಲಿಯೋ ಹಾಗೆ ಎಷ್ಟು ಜನ ಮಾಡಿದೀವಿ? ದುಡ್ಡಿಲ್ಲ ಅಂತಲ್ಲ, ಅದು ಗಂಡಸರ ಕಣ್ಣಿಗೆ ಬೀಳೋ ಕೆಲಸ ಅಲ್ಲ, ಅಷ್ಟೇ.

ನಾನು ಮಾಡಿದ್ದು ಇಷ್ಟು. ಬಡಗಿ ಕರೆಸಿ ಮೆಟ್ಟುಗತ್ತಿ ಮಣೆಗೆ ಕಾಲು ಕೊಡಿಸಿ ಒಂದೂವರೆ ಅಡಿ ಎತ್ತರಿಸಿದೆ, ಅದಕ್ಕೆ ಸರಿಯಾಗಿ ಬೆನ್ನಿರೋ ಬೆಂಚು. ಹಾಲು ಕರೆಯೋಕೆ ಹಲಸಿನ ಮರದ ಸ್ಟೂಲು. ಕೊಟ್ಟಿಗೆಗೆ ಉದ್ದ ಹಿಡಿಯ ಬಾಚುಗುದ್ದಲಿ. ಹಿತ್ತಿಲ ಪಾಯಖಾನೆಯಲ್ಲಿ ಕಮೋಡು. ಎಲ್ಲ ಸೇರಿ ಒಂದು ಕ್ವಿಂಟಾಲ್ ಅಡಿಕೆ ದುಡ್ಡೂ ಖರ್ಚಾಗಲಿಲ್ಲ. ಮೊದಲ ಎರಡು ದಿನ ಸುಲಿಯೋಕೆ ಬಂದ ಹೆಂಗಸರು "ಕೈ ಕೂರಲ್ಲ" ಅಂತ ಗೊಣಗಿದ್ರು. ನಾಲ್ಕನೇ ದಿನ ನೆಲದ ಮೆಟ್ಟುಗತ್ತಿ ಖಾಲಿ, ಬೆಂಚಿಗೆ ಜಗಳ.

ಚೀಲದ ಜತೆ ಇನ್ನೊಂದು ಕೆಲಸ ಇದೆ, ಅದಕ್ಕೆ ದುಡ್ಡೇ ಬೇಡ. ತೊಡೆ ಸ್ನಾಯು ಗಟ್ಟಿ ಇದ್ರೆ ಮಂಡಿ ಮೇಲಿನ ಹೊರೆ ಕಡಿಮೆ ಆಗುತ್ತೆ. ಕುರ್ಚಿ ಮೇಲೆ ಕೂತು ಒಂದು ಕಾಲು ನೇರ ಮಾಡಿ, ಐದು ಎಣಿಸೋವರೆಗೆ ಹಿಡಿದು ಇಳಿಸೋದು. ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ದಿನವಿಡೀ ದುಡಿಯೋರಿಗೆ ಮತ್ತೆ ವ್ಯಾಯಾಮ ಯಾಕೆ ಅಂತ ನಾನೂ ಕೇಳಿದ್ದೆ. ದುಡಿಮೆ ಮಂಡಿ ಸವೆಸುತ್ತೆ, ಇದು ಮಂಡಿಗೆ ಆಸರೆ ಕಟ್ಟುತ್ತೆ, ಎರಡೂ ಒಂದೇ ಅಲ್ಲ ಅಂದ್ರು ಡಾಕ್ಟ್ರು. ಮೈತೂಕದ್ದೂ ಹಾಗೇ. ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೇಲೂ ಮಂಡಿ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಇಳಿಯುತ್ತಂತೆ. ಕೋಲು ಹಿಡಿಯೋರು ನೋವಿರೋ ಕಾಲಿನ ಎದುರು ಕೈಯಲ್ಲಿ ಹಿಡೀಬೇಕು. ಬಲ ಮಂಡಿ ನೋವಾದ್ರೆ ಎಡಗೈಯಲ್ಲಿ ಕೋಲು.

ಚೀಲ ಹಾಕಿದ್ರೆ ಕಾಲು ಅದಕ್ಕೇ ಒಗ್ಗಿ ಬಲ ಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಚೀಲ ಹಾಕಿ ಜಗಲಿ ಮೇಲೆ ಕೂತರೆ ಹೋಗುತ್ತೆ, ಚೀಲ ಬಿಟ್ಟು ಕೂತರೂ ಹೋಗುತ್ತೆ. ಚೀಲದ ಧೈರ್ಯದಲ್ಲಿ ನಡೆದರೆ ಯಾಕೆ ಹೋಗುತ್ತೆ?

ತಗೊಳ್ಳೋರಿಗೆ ನನ್ನ ಅನುಭವದ ನಾಲ್ಕು ಮಾತು. ಅಂದಾಜಿಗೆ ತರಬೇಡಿ. ಟೇಪು ಹಿಡಿದು ಮಂಡಿ ಸುತ್ತಳತೆ ತಗೊಂಡು ಹೋಗಿ. ಹಾಕಿದ ಮೇಲೆ ಎರಡು ಬೆರಳು ಒಳಗೆ ಹೋಗಬೇಕು. ಪಾದ ಜುಮ್ಮೆಂದ್ರೆ, ಊದಿದ್ರೆ, ತಣ್ಣಗಾದ್ರೆ ಬಿಗಿ ಜಾಸ್ತಿ ಅಂತ ಅರ್ಥ. ರಾತ್ರಿ ಬಿಗಿ ಚೀಲ ಬಿಚ್ಚಿ ಮಲಗಿ. ರಬ್ಬರಿನದು ಬೆವರು ಹೀರಲ್ಲ, ಮಳೆಗಾಲದಲ್ಲಿ ಒದ್ದೆಯಾಗಿದ್ದನ್ನೇ ಹಾಕ್ಕೊಂಡಿದ್ರೆ ತುರಿ, ಹುಳಕಡ್ಡಿ ಗ್ಯಾರಂಟಿ. ಎರಡು ಜೋಡಿ ಇಟ್ಕೊಂಡು ದಿನ ಬಿಟ್ಟು ದಿನ ಒಗೀರಿ. ಇನ್ನು ನಮ್ಮ ಸೀಮೆಯ ವಿಶೇಷ, ಉಂಬಳ. ಚೀಲದೊಳಗೆ ಹೊಕ್ಕ ಉಂಬಳ ಆರಾಮಾಗಿ ಹೊಟ್ಟೆ ತುಂಬ ಕುಡಿದೇ ಹೊರಗೆ ಬರೋದು. ಆಟಿ ತಿಂಗಳಲ್ಲಿ ತೋಟಕ್ಕೆ ಹೋಗುವಾಗ ನಾನಂತೂ ಹಾಕಲ್ಲ, ಮನೆಗೆ ಬಂದು ಕಾಲು ಒರೆಸಿ ಹಾಕ್ಕೊಳ್ತೀನಿ.

ಸಕ್ಕರೆ ಕಾಯಿಲೆ ಇರೋರು ಶಾಖದ ವಿಷಯದಲ್ಲಿ ಹುಷಾರು. ಕಾಲಿನ ಸ್ಪರ್ಶ ಮಂದ ಆಗಿದ್ರೆ ಬಿಸಿನೀರಿನ ಚೀಲ ಸುಟ್ಟಿದ್ದೂ ಗೊತ್ತಾಗಲ್ಲ.

ಚೀಲ ಹಾಕದೆ ನೇರ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಮಂಡಿ ಇದ್ದಕ್ಕಿದ್ದ ಹಾಗೆ ಕೆಂಪಾಗಿ, ಬಿಸಿಯಾಗಿ ಊದಿದ್ರೆ, ಅದರಲ್ಲೂ ಜ್ವರ ಇದ್ರೆ ಒಂದು ದಿನವೂ ಕಾಯಬೇಡಿ, ಶಾಖವನ್ನಂತೂ ಕೊಡಲೇಬೇಡಿ. ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ರೆ ಹೆಚ್ಚಾಗಿ ನಮ್ಮಂಥ ಸವೆತ. ಒಂದು ಗಂಟೆ ದಾಟಿದ್ರೆ, ಎರಡೂ ಕೈಯ ಬೆರಳ ಗೆಣ್ಣು ಸಹ ಊದಿದ್ರೆ ಅದು ಬೇರೆ ಜಾತಿಯ ಸಂಧಿವಾತ ಇರಬಹುದು. ಅದಕ್ಕೆ ಔಷಧಿ ಇದೆ, ಬೇಗ ಶುರು ಮಾಡಿದಷ್ಟೂ ಗಂಟು ಉಳಿಯುತ್ತೆ. ಚೀಲ ಹಾಕಿ ವರ್ಷ ತಳ್ಳಿದ್ರೆ ಗಂಟು ಹೋಗುತ್ತೆ.

ಈಗ ನಮ್ಮ ಮನೆ ತಂತಿ ಮೇಲೆ ನಾಲ್ಕು ಜೋಡಿ ಚೀಲ ಒಣಗುತ್ತೆ, ಮುಂದಿನ ಅಂಗಳದಲ್ಲೇ. ಸ್ವೆಟರಿನ ತೋಳೂ ಅದರಲ್ಲಿವೆ, ಬಿಸಾಡಕ್ಕೆ ಅವಳು ಬಿಟ್ಟಿಲ್ಲ. ಕೊಂಡಿದ್ದಕ್ಕಿಂತ ಅದೇ ಬೆಚ್ಚಗಂತೆ, ಮೈಗೆ ಚುಚ್ಚಲ್ಲವಂತೆ.

ಇದನ್ನ ಓದಿದ ಗಂಡಸರು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಮಂಡಿ ಬಗ್ಗೆ ಆಮೇಲೆ ನೋಡೋಣ. ಮನೆಯವಳು ನೆಲದಿಂದ ಏಳುವಾಗ ಯಾವುದನ್ನ ಹಿಡ್ಕೊಂಡು ಏಳ್ತಾಳೆ ನೋಡಿ. ಗೋಡೆ ಮೇಲೆ ಅವಳ ಅಂಗೈಯ ಗುರುತು ಒಂದೇ ಜಾಗದಲ್ಲಿ ಕಪ್ಪಾಗಿದ್ರೆ ನಾಳೆ ಬಡಗಿಗೆ ಫೋನ್ ಮಾಡಿ. ನಮ್ಮ ಮನೆ ಅಡುಗೆ ಕೋಣೆ ಗೋಡೇಲಿ ಆ ಗುರುತು ಇತ್ತು. ಪ್ರತಿ ದೀಪಾವಳಿಗೆ ಅದರ ಮೇಲೆ ಸುಣ್ಣ ಬಳಿದವನು ನಾನೇ.