ಪರದೇಶದ ಗಾಳಿಯಲ್ಲಿ ನಮ್ಮದೊಂದು ಪಾಲು

ಕನ್ನಡದಲ್ಲಿ ‘ಪಾಲು’ ಎಂಬ ಮಾತಿಗೆ ಎರಡು ಮುಖಗಳುಂಟು. ಅಣ್ಣತಮ್ಮಂದಿರು ಹೊಲಮನೆಗಳನ್ನು ಹಂಚಿಕೊಂಡಾಗ ಕೈಗೆ ಬರುವುದೂ ಪಾಲೇ; ಗಂಟು ಕಳ್ಳರ ಪಾಲಾಯಿತು, ಬೆಳೆ ನೀರಿನ ಪಾಲಾಯಿತು ಎನ್ನುವಾಗ ಕೈಬಿಟ್ಟು ಹೋಗುವುದೂ ಪಾಲೇ. ಷೇರು ಎಂಬ ಇಂಗ್ಲಿಷ್ ಶಬ್ದಕ್ಕೆ ಪಾಲು ಎಂದು ಅರ್ಥ ಬರೆದವರು ತಾವು ಯೋಚಿಸಿದ್ದಕ್ಕಿಂತಲೂ ಸರಿಯಾಗಿಯೇ ಬರೆದರೆಂದು ತೋರುತ್ತದೆ.

ಈ ಮಾತು ಏಕೆ ಬಂತೆಂದರೆ, ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ವಿದ್ಯಾವಂತ ತರುಣರಲ್ಲಿ ಈಚೆಗೆ ಪರದೇಶದ ಕಂಪನಿಗಳ ಷೇರು ಕೊಳ್ಳುವ ಆಸೆ ಕಾಣಿಸಿಕೊಂಡಿದೆ. ಅದರಲ್ಲಿಯೂ ಗಾಳಿ ಬಿಸಿಲುಗಳಿಂದ ವಿದ್ಯುತ್ತನ್ನು ತೆಗೆಯುವ ಕಂಪನಿಗಳೆಂದರೆ ಒಂದು ಬಗೆಯ ಭಕ್ತಿ. ಲಾಭವೂ ಬಂದೀತು, ಭೂಮಿಗೂ ಒಳಿತಾದೀತು ಎಂಬ ನಂಬಿಕೆ. ನಾಲ್ಕು ಪುರುಷಾರ್ಥಗಳಲ್ಲಿ ಎರಡು, ಕೈಯಲ್ಲಿರುವ ಫೋನನ್ನು ಒಮ್ಮೆ ಮುಟ್ಟಿದರೆ ಸಿದ್ಧಿಸುವುದಾದರೆ ಯಾರು ತಾನೆ ಬೇಡವೆಂದಾರು?

ಪಿರಿಯಾಪಟ್ಟಣದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಈಗ ಮೈಸೂರಿನಲ್ಲಿ ಉದ್ಯೋಗದಲ್ಲಿರುವವನು, ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ತಂದೆಯ ಕೈಯಲ್ಲಿ ಉಳಿದಿದ್ದ ಹಣವನ್ನು ಡೆನ್ಮಾರ್ಕಿನ ಗಾಳಿಯಂತ್ರದ ಕಂಪನಿಗೆ ಹಾಕಬೇಕೆಂದಿರುವುದಾಗಿ ಹೇಳಿದನು. “ಸಾರ್, ಕಾಡಿನ ಸೌದೆ ಸುಟ್ಟು ಸೊಪ್ಪು ಬೇಯಿಸಿ ಬಂದ ದುಡ್ಡು. ಒಳ್ಳೆಯ ಕಡೆಗಾದರೂ ಹೋಗಲಿ” ಎಂದನು. ಆ ಮಾತನ್ನು ನಗೆಯಾಡಿ ತಳ್ಳಿಹಾಕುವಂತಿರಲಿಲ್ಲ. ಬ್ಯಾರನ್ನಿನ ಹೊಗೆಯಲ್ಲಿ ಬೆಳೆದ ಹುಡುಗನ ಮನಸ್ಸಿನಲ್ಲಿ ಒಂದು ಋಣದ ಭಾವವಿದ್ದಿತು. ಆದರೆ ಋಣ ತೀರಿಸುವ ದಾರಿ ಅದೇ ಹೌದೇ ಎಂಬುದು ಬೇರೆ ಪ್ರಶ್ನೆ.

ಮೊದಲಿಗೆ ಕಾನೂನಿನ ಮಾತು. ಪರದೇಶದ ಷೇರು ಕೊಳ್ಳುವುದು ಅಪರಾಧವೇನೂ ಅಲ್ಲ. ರಿಸರ್ವ್ ಬ್ಯಾಂಕು 2004ರಲ್ಲಿ ವರ್ಷಕ್ಕೆ 25,000 ಡಾಲರುಗಳವರೆಗೆ ಹಣ ಕಳುಹಿಸಲು ಸಾಮಾನ್ಯ ಪ್ರಜೆಗೆ ಅವಕಾಶ ಕೊಟ್ಟಿತು. 2015ರಲ್ಲಿ ಆ ಮಿತಿ 2,50,000 ಡಾಲರುಗಳಿಗೆ ಏರಿತು. ಸಾಲದ ಬಲದ ಮೇಲೆ ಆಡುವ ವ್ಯಾಪಾರಕ್ಕೆ ಮಾತ್ರ ಈ ಹಣವನ್ನು ಕಳುಹಿಸಕೂಡದು. 2025ರ ಏಪ್ರಿಲ್‌ನಿಂದ, ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು ನೂರಕ್ಕೆ ಇಪ್ಪತ್ತರಂತೆ ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ; ಲೆಕ್ಕ ಸಲ್ಲಿಸುವಾಗ ಅದು ನಮ್ಮ ಖಾತೆಗೆ ಜಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾದುದು, ಒಂದೇ ಷೇರಿದ್ದರೂ, ಅದರಿಂದ ಬಿಡಿಕಾಸು ಬರದಿದ್ದರೂ, ವರಮಾನ ತೆರಿಗೆಯ ಪತ್ರದಲ್ಲಿ ಪರದೇಶದ ಆಸ್ತಿಯೆಂದು ತೋರಿಸಲೇಬೇಕು. ಇದನ್ನು ಆ ಹುಡುಗನಿಗೆ ಯಾವ ಜಾಹೀರಾತೂ ಹೇಳಿರಲಿಲ್ಲ.

ಇನ್ನು ಷೇರಿನ ಸ್ವಭಾವ. ಇದನ್ನು ನಮ್ಮ ಒಕ್ಕಲುತನದ ಮಾತಿನಲ್ಲಿಯೇ ತಿಳಿಯುವುದು ಸುಲಭ. ಹೊಲವನ್ನು ಗುತ್ತಿಗೆಗೆ ಕೊಟ್ಟವನಿಗೆ ಮಳೆ ಬರಲಿ ಬಿಡಲಿ ಗೊತ್ತಾದಷ್ಟು ಬರುತ್ತದೆ. ವಾರಕ್ಕೆ ಕೊಟ್ಟವನಾದರೋ ಕಣದಲ್ಲಿ ರಾಶಿ ಬಿದ್ದ ಮೇಲೆ ತನ್ನ ಭಾಗವನ್ನು ಎದುರುನೋಡಬೇಕು. ಬ್ಯಾಂಕಿನ ಠೇವಣಿ ಗುತ್ತಿಗೆ, ಷೇರು ವಾರ. ಪರದೇಶದ ಷೇರು ಎಂಬುದು ಕಣವೇ ಕಣ್ಣಿಗೆ ಬೀಳದ ವಾರ.

ಈ ಗುತ್ತಿಗೆ ವಾರಗಳೆರಡನ್ನೂ ಒಂದೇ ಬಿಸಿಲಿನಲ್ಲಿ ನೋಡಬೇಕೆಂದರೆ ಪಾವಗಡಕ್ಕೆ ಹೋಗಬೇಕು. ಅಲ್ಲಿ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವೆದ್ದಿತು. ರೈತರು ಭೂಮಿಯನ್ನು ಮಾರಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರುವಂತೆ, ಗುತ್ತಿಗೆಗೆ ಕೊಟ್ಟರು. (ಭೂಮಿಯಿಲ್ಲದ ಕೂಲಿಯವರ ಕಥೆ ಬೇರೆ, ಅವರಿಗೆ ಗುತ್ತಿಗೆಯೂ ಇಲ್ಲ, ವಾರವೂ ಇಲ್ಲ.) ಅಲ್ಲಿ ಸೌರಫಲಕಗಳನ್ನು ಹೂಡಲು ಬಂದವರಲ್ಲಿ ಫಿನ್ಲೆಂಡಿನ ಫೋರ್ಟಮ್ ಕಂಪನಿಯೂ ಒಂದು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಫಿನ್ಲೆಂಡಿನ ಸರ್ಕಾರದ್ದು. ಉಳಿದುದನ್ನು ಹೆಲ್ಸಿಂಕಿಯ ಷೇರುಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು.

ಬಿಸಿಲಿನ ಕಂಪನಿಯೆಂದು ಅದರ ಷೇರು ಹಿಡಿದವನ ಗತಿಯೇನಾಯಿತು? ಫೋರ್ಟಮ್ ಸುಮ್ಮನಿರದೆ ಯೂನಿಪರ್ ಎಂಬ ಜರ್ಮನಿಯ ಕಂಪನಿಯನ್ನೂ ಕೊಂಡಿದ್ದಿತು. ಅದರ ಜೀವಾಳ ರಷ್ಯದ ಅನಿಲ. 2022ರಲ್ಲಿ ಉಕ್ರೇನಿನ ಯುದ್ಧ ಹತ್ತಿತು, ಅನಿಲ ನಿಂತಿತು. ಸುಮಾರು 700 ಕೋಟಿ ಯೂರೋ ಸುರಿದಿದ್ದ ಆಸ್ತಿಯನ್ನು ಸುಮಾರು 50 ಕೋಟಿ ಯೂರೋಗೆ ಜರ್ಮನಿಯ ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಮರುವರ್ಷ ರಷ್ಯದಲ್ಲಿದ್ದ ಅದರ ಸ್ಥಾವರಗಳನ್ನು ಅಲ್ಲಿಯ ಸರ್ಕಾರ ವಶಪಡಿಸಿಕೊಂಡಿತು. ಪಾವಗಡದ ರೈತನ 21,000 ರೂಪಾಯಿಗೆ ಈ ಯುದ್ಧದ ಬಿಸಿ ತಟ್ಟಲಿಲ್ಲ. ಹೆಲ್ಸಿಂಕಿಯ ವಾರದಾರನಿಗೆ ತಟ್ಟಿತು. ಹೆಸರಿನಲ್ಲಿ ಬಿಸಿಲಿದ್ದರೂ ಹೊಟ್ಟೆಯಲ್ಲಿ ಅನಿಲವಿರಬಹುದು. ಕೊಳ್ಳುವವನು ಹೊಟ್ಟೆಯನ್ನು ನೋಡಬೇಕು.

ನಮ್ಮ ಹುಡುಗನ ಮನಸ್ಸಿನಲ್ಲಿದ್ದುದು ಓರ್ಸ್ಟೆಡ್. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು 1820ರಲ್ಲಿ ಕಂಡುಹಿಡಿದ ಡೆನ್ಮಾರ್ಕಿನ ವಿಜ್ಞಾನಿಯ ಹೆಸರು ಅದು. ಎಣ್ಣೆ, ಅನಿಲ, ಕಲ್ಲಿದ್ದಲುಗಳ ಕಂಪನಿ 2017ರಲ್ಲಿ ತನ್ನ ಎಣ್ಣೆಯ ವ್ಯವಹಾರವನ್ನು ಮಾರಿ, ಆ ಹೆಸರನ್ನಿಟ್ಟುಕೊಂಡು, ಕಡಲಿನ ಗಾಳಿಯನ್ನೇ ನೆಚ್ಚಿ ನಿಂತಿತು. ಅದು ಬೂಟಾಟಿಕೆಯಲ್ಲ, ನಿಜವಾದ ಪರಿವರ್ತನೆ. 2016ರಲ್ಲಿ 235 ಕ್ರೋನರ್‌ಗೆ ಪೇಟೆಗೆ ಬಂದ ಷೇರು 2021ರ ಜನವರಿಯಲ್ಲಿ 1,300ನ್ನು ದಾಟಿತು. ಬಳಿಕ ಬಡ್ಡಿ ಏರಿತು, ಸಾಮಗ್ರಿಯ ಬೆಲೆ ಏರಿತು. ಅಮೆರಿಕದ ಕಡಲಿನಲ್ಲಿ ಒಪ್ಪಿಕೊಂಡಿದ್ದ ಕೆಲಸಗಳು ಗಿಟ್ಟದೆ ಹೋದವು. 2023ರ ನವೆಂಬರಿನಲ್ಲಿ ಬೆಲೆ 300ಕ್ಕಿಂತ ಕೆಳಗಿತ್ತು. 2025ರ ಆಗಸ್ಟಿನಲ್ಲಿ 6,000 ಕೋಟಿ ಕ್ರೋನರ್ ಹೊಸ ಬಂಡವಾಳ ಬೇಕೆಂದು ಕಂಪನಿ ಸಾರಿದ ದಿನ, ಒಂದೇ ದಿನದಲ್ಲಿ ಷೇರು ಕಾಲುಭಾಗಕ್ಕೂ ಹೆಚ್ಚು ಬಿತ್ತು. ಗಾಳಿ ಮಾತ್ರ ಎಂದಿನಂತೆಯೇ ಬೀಸುತ್ತಿತ್ತು. ಗಾಳಿ ಬೀಸುವುದಕ್ಕೂ ಲಾಭ ಹುಟ್ಟುವುದಕ್ಕೂ ನಡುವೆ ಬಡ್ಡಿ, ಒಪ್ಪಂದ, ಅಧ್ಯಕ್ಷರ ಮರ್ಜಿ, ಇಷ್ಟೊಂದು ಇವೆ.

ಇನ್ನೊಂದು ವೈಚಿತ್ರ್ಯವುಂಟು. ಪಾವಗಡದಲ್ಲಿ ಫೋರ್ಟಮ್ 2016ರಲ್ಲಿ ಯೂನಿಟ್ಟಿಗೆ 4 ರೂಪಾಯಿ 79 ಪೈಸೆಯಂತೆ ವಿದ್ಯುತ್ ಕೊಡಲು ಒಪ್ಪಿತು. 2018ರಲ್ಲಿ 2 ರೂಪಾಯಿ 85 ಪೈಸೆಗೆ ಒಪ್ಪಿತು. ಇಷ್ಟು ಅಗ್ಗವಾಗಲು ಒಂದು ಮುಖ್ಯ ಕಾರಣ ಸೌರಫಲಕದ ಬೆಲೆ ಕುಸಿದದ್ದು. ಲೋಕಕ್ಕೆ ಇದು ಸುಭಿಕ್ಷ. ಫಲಕ ಮಾಡುವವನಿಗೆ ದುರ್ಭಿಕ್ಷ. ನ್ಯೂಯಾರ್ಕಿನ ಪೇಟೆಯಲ್ಲಿ ಒಂದು ಕಾಲಕ್ಕೆ ಮೆರೆದಿದ್ದ ಚೀನದ ಸನ್‌ಟೆಕ್ ಕಂಪನಿಯ ಮುಖ್ಯ ಘಟಕ 2013ರಲ್ಲಿ ದಿವಾಳಿಯಾದುದು ಈ ಅಗ್ಗದ ಹೊಳೆಯಲ್ಲಿಯೇ. ಒಂದು ವಸ್ತು ಲೋಕವನ್ನು ಗೆದ್ದಾಗಲೂ ಅದರ ಷೇರು ಹಿಡಿದವನು ಸೋಲಬಹುದೆಂಬ ಮಾತು ನಮ್ಮ ತರುಣರಿಗೆ ಸುಲಭವಾಗಿ ನಂಬಿಕೆಯಾಗದು. ಅವರ ತಂದೆಯಂದಿರಿಗೆ ಆಗುತ್ತದೆ. ಕರ್ನಾಟಕದಲ್ಲಿ 1984ರಲ್ಲಿ ಹೊಗೆಸೊಪ್ಪಿನ ಹರಾಜು ಆರಂಭವಾದಂದಿನಿಂದ, ಕಟ್ಟೆಮಳಲವಾಡಿಯಲ್ಲಿಯೂ ಕಂಪಲಾಪುರದಲ್ಲಿಯೂ ಬೇಲುಗಳ ಪಕ್ಕ ನಿಂತ ರೈತನಿಗೆ, ಬ್ರೆಜಿಲಿನಲ್ಲಿ ಬೆಳೆ ಹುಲುಸಾದರೆ ತನ್ನ ಸೊಪ್ಪಿಗೆ ಬೆಲೆ ಇಳಿದೀತೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ.

ಋಣದ ವಿಷಯಕ್ಕೆ ಬರೋಣ. ಪೇಟೆಯಲ್ಲಿ ನಾವು ಕೊಳ್ಳುವ ಷೇರು, ಬಹುಮಟ್ಟಿಗೆ, ಇನ್ನೊಬ್ಬನು ಮಾರಿದ ಷೇರು. ನಮ್ಮ ಹಣ ಅವನ ಜೇಬಿಗೆ ಹೋಗುತ್ತದೆಯೇ ಹೊರತು ಗಾಳಿಯಂತ್ರದ ಒಂದು ಮೊಳೆಗೂ ಹೋಗುವುದಿಲ್ಲ. ಕಂಪನಿ ಹೊಸ ಷೇರನ್ನು ಹೊರಡಿಸಿದಾಗ ಮಾತ್ರ ಕಥೆ ಬೇರೆ. ಆದ್ದರಿಂದ ಕೊಳ್ಳುವವರು ಲಾಭನಷ್ಟದ ಲೆಕ್ಕದಿಂದ, ಹೋದರೂ ಒಲೆ ಉರಿಯುವಷ್ಟು ಉಳಿಸಿಕೊಂಡು, ಕೊಳ್ಳಲಿ; ನನ್ನ ಅಡ್ಡಿಯಿಲ್ಲ. ಪುಣ್ಯದ ಬಾಬಿನಲ್ಲಿ ಅದನ್ನು ಬರೆದುಕೊಳ್ಳುವುದು ಬೇಡ.

ಪುಣ್ಯವೇ ಬೇಕಾದರೆ ತಲೆಯ ಮೇಲಿನ ಮಾಳಿಗೆಯಿದೆ. ಮನೆಯ ಚಾವಣಿಗೆ ಸೌರಫಲಕ ಹಾಕಿಸಲು 2024ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದರು. ಆದರೆ ನಮ್ಮ ಬೀದಿಗಳಲ್ಲಿ ಫಲಕಗಳು ವಿರಳ. ಕಾರಣ ಗುಟ್ಟಿನದೇನಲ್ಲ. ಗೃಹಜ್ಯೋತಿ ಬಂದ 2023ರಿಂದ 200 ಯೂನಿಟ್ಟಿನವರೆಗೆ ಬಿಟ್ಟಿ ವಿದ್ಯುತ್ ಪಡೆಯುತ್ತಿರುವ ಮನೆ ಮಾಳಿಗೆಗೆ ಏಕೆ ಹಣ ಹಾಕೀತು? ಬಡವರ ಮನೆಗೆ ಬಂದ ಬೆಳಕನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ಉಳ್ಳವರ ಮಾಳಿಗೆ ಬರಿದಾಗಿದ್ದು ಅವರ ಹಣ ಕೋಪನ್‌ಹೇಗನ್ನಿನ ಗಾಳಿಯನ್ನು ಅರಸಿ ಹೋಗುತ್ತಿರುವುದು ವಿಪರೀತವಾಗಿ ಕಾಣುತ್ತದೆ.

ನಮ್ಮ ಪ್ರಾಂತಕ್ಕೆ ಇದು ತೀರ ಹೊಸ ಕಥೆಯೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಮೊದಲು ಹೋದದ್ದು ಯಾರ ಮನೆಯ ದೀಪಕ್ಕೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ. ಗಣಿಯ ಷೇರುದಾರರು ಇಂಗ್ಲೆಂಡಿನಲ್ಲಿದ್ದರು. ಆದರೆ ವಿದ್ಯುದಾಗಾರ ಮೈಸೂರು ಸರ್ಕಾರದ್ದಾಗಿತ್ತು. ಯಂತ್ರ ಪರದೇಶದಿಂದ ಬಂದಿತು, ಒಡೆತನ ಇಲ್ಲಿಯೇ ಉಳಿಯಿತು. ಗಣಿ 2001ರಲ್ಲಿ ಮುಚ್ಚಿತು, ಶಿವನಸಮುದ್ರ ಉಳಿದಿದೆ.

ಕನ್ನಡದ ಅಧ್ಯಾಪಕನಾಗಿ ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಆ ಹುಡುಗ ತೋರಿಸಿದ ಒಪ್ಪಂದದ ಪತ್ರ ಮೂವತ್ತು ಪುಟಗಳಷ್ಟಿತ್ತು, ಅಷ್ಟೂ ಇಂಗ್ಲಿಷಿನಲ್ಲಿ. ಹಣ ತಂದೆಯದು, ತಂದೆಗೆ ಬರುವುದು ಕನ್ನಡವೊಂದೇ. ನಾವು ಕಾಲೇಜಿನಲ್ಲಿ ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಿಸುತ್ತೇವೆ, ಅದು ಬೇಕು. ಅದರ ಜೊತೆಗೆ ಇಂಥ ಒಂದು ಪುಟವನ್ನು ತಿಳಿಗನ್ನಡಕ್ಕೆ ತಂದು ತಂದೆಗೆ ಓದಿ ಹೇಳುವ ಅಭ್ಯಾಸವನ್ನೂ ಪಠ್ಯದಲ್ಲಿ ಏಕೆ ಇಡಬಾರದು? ನನ್ನ ತರಗತಿಯಲ್ಲಿ ಈ ವರ್ಷ ಅದನ್ನು ಆರಂಭಿಸಿದ್ದೇನೆ. ಮೊದಲ ಪುಟಕ್ಕೇ ಮೂರು ದಿನ ಹಿಡಿಯಿತು.