ಕಡಲ ತಳದ ಹರಾಜು

“ಸಮುದ್ರದ ತಳದಲ್ಲಿ ಯಾರಿಗೂ ಇಲ್ಲದೆ ಬಿದ್ದಿರುವ ಸರಕನ್ನು ಸಾಹಸಿಯೊಬ್ಬ ತನ್ನ ಹಣ ಸುರಿದು ಮೇಲೆತ್ತಿ ಮಾರಿದರೆ ಯಾರ ಗಂಟು ಹೋಯಿತು?” ಮುಳುಗಿದ ಹಡಗುಗಳ ಹರಾಜನ್ನು ಸಮರ್ಥಿಸುವವರು ಕೇಳುವ ಪ್ರಶ್ನೆ ಇದು. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದುದರಿಂದಲೇ ಇದಕ್ಕೆ ಉತ್ತರ ಹೇಳಬೇಕಾಗಿದೆ.

ಡಚ್ ಈಸ್ಟ್ ಇಂಡಿಯಾ ಕಂಪೆನಿಯ ‘ಗೆಲ್ಡರ್‌ಮಾಲ್ಸೆನ್’ ಎಂಬ ಹಡಗು 1752ರಲ್ಲಿ ದಕ್ಷಿಣ ಚೀಣಾ ಸಮುದ್ರದಲ್ಲಿ ಮುಳುಗಿತು. 80 ಜನ ಸತ್ತರು. 1985ರಲ್ಲಿ ಮೈಕೆಲ್ ಹ್ಯಾಚರ್ ಎಂಬಾತ ಅದನ್ನು ಪತ್ತೆಮಾಡಿ ಸುಮಾರು ಒಂದೂವರೆ ಲಕ್ಷ ಪಿಂಗಾಣಿ ಸಾಮಾನುಗಳನ್ನೂ ನೂರಕ್ಕೂ ಮಿಕ್ಕ ಚಿನ್ನದ ಗಟ್ಟಿಗಳನ್ನೂ ಎತ್ತಿದ. ಮರುವರ್ಷ ಆಂಸ್ಟರ್‌ಡ್ಯಾಮಿನಲ್ಲಿ ಅವು ಹರಾಜಾದವು. ಆ ಹಡಗಿನ ಮುಖ್ಯ ಸರಕು ಚಹ; ಪಿಂಗಾಣಿಯ ಪಾಲು ಬೆಲೆಯಲ್ಲಿ ಅಲ್ಪ. ಆದರೆ ಹರಾಜಿನ ಕಟ್ಟೆಗೆ ಬೇಕಾದದ್ದು ಬಟ್ಟಲು ಮಾತ್ರ. ಹಲಗೆಗಳ ಜೋಡಣೆ ಹೇಗಿತ್ತು, ಯಾವ ಪೆಟ್ಟಿಗೆ ಎಲ್ಲಿತ್ತು ಎಂಬುದನ್ನು ವಿಧಿವತ್ತಾಗಿ ಗುರುತು ಹಾಕುವ ಗೋಜಿಗೆ ಯಾರು ಹೋಗುತ್ತಾರೆ? ತಾಳೆಗರಿಯ ಕಟ್ಟನ್ನು ಬಿಚ್ಚಿ ಒಂದೊಂದು ಗರಿಯನ್ನೂ ಬೇರೆ ಬೇರೆಯವರಿಗೆ ಮಾರಿದರೆ ಗರಿಗಳೇನೋ ಉಳಿಯುತ್ತವೆ; ಕಾವ್ಯ ಉಳಿಯುತ್ತದೆಯೆ?

ಇನ್ನೊಂದು ಹಡಗನ್ನು ನೋಡೋಣ. 1982ರಲ್ಲಿ ತುರ್ಕಿಯ ಉಲುಬುರುನ್ ಬಳಿ ಸ್ಪಂಜು ತೆಗೆಯುವ ಮುಳುಗುಗಾರನೊಬ್ಬ “ಕಿವಿಯಿರುವ ಲೋಹದ ಬಿಸ್ಕತ್ತು” ಕಂಡೆನೆಂದು ಹೇಳಿದ. ಅದು 3,300 ವರ್ಷಗಳ ಹಿಂದಿನ ಹಡಗು. ಜಾರ್ಜ್ ಬಾಸ್, ಜೆಮಾಲ್ ಪುಲಾಕ್ ಮತ್ತು ಅವರ ಸಂಗಡಿಗರು 1984ರಿಂದ 1994ರ ವರೆಗೆ 22,413 ಬಾರಿ ನೀರಿಗಿಳಿದರು. ಅವರಿಗೂ ಚಿನ್ನ ಸಿಕ್ಕಿತು. ಆದರೆ ಅವರು ದಾಳಿಂಬೆಯ ಬೀಜವನ್ನೂ ಬಿಡಲಿಲ್ಲ, ಸರಕಿನಡಿ ಹಾಸಿದ್ದ ಮುಳ್ಳುಕಡ್ಡಿಯನ್ನೂ ಬಿಡಲಿಲ್ಲ, ಇಲಿಯ ದವಡೆಯನ್ನೂ ಬಿಡಲಿಲ್ಲ. ತಾಮ್ರ 10 ಟನ್, ತವರ 1 ಟನ್: ಕಂಚು ಎರಕಹೊಯ್ಯಲು ಬೇಕಾದ ಪ್ರಮಾಣವೇ ಅದು! ತಾಮ್ರವನ್ನು ಒಬ್ಬನಿಗೆ, ತವರವನ್ನು ಇನ್ನೊಬ್ಬನಿಗೆ ಮಾರಿದ್ದರೆ ಈ ಮಾತು ನಮಗೆ ತಿಳಿಯುತ್ತಿತ್ತೆ?

“ಬಿಟ್ಟರೆ ಮರ ಹೇಗೂ ಹಾಳಾಗುತ್ತದೆ” ಎನ್ನುತ್ತಾರೆ. ಅರ್ಧ ಸತ್ಯ. ನೀರಿಗೆ ತೆರೆದ ಮರವನ್ನು ಹಡಗುಹುಳು ತಿನ್ನುತ್ತದೆ. ಕೆಸರಿನಲ್ಲಿ ಹೂತ ಮರಕ್ಕೆ ಪ್ರಾಣವಾಯು ತಾಕದು, ಹುಳುವೂ ಮುಟ್ಟದು. ಆ ಕೆಸರನ್ನು ಕೆದಕಿ, ಬಟ್ಟಲು ದೋಚಿ, ಮರವನ್ನು ಬಯಲಿಗೆ ಬಿಟ್ಟು ಹೋಗುವವನೇ ಅದರ ಸಾವಿಗೆ ಮುಹೂರ್ತವಿಡುತ್ತಾನೆ.

ಮೇಲೆತ್ತುವುದೂ ಸುಲಭವಲ್ಲವೆಂದು ಒಪ್ಪತಕ್ಕದ್ದೇ. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿದ ಸ್ವೀಡನ್ನಿನ ‘ವಾಸಾ’ವನ್ನು 1961ರಲ್ಲಿ ಎತ್ತಿದರು. ಮರ ಒಣಗಿ ಬಿರಿಯದಿರಲೆಂದು 17 ವರ್ಷ ರಾಸಾಯನಿಕ ದ್ರವ ಚಿಮುಕಿಸಿದರು. ಆದರೂ 2000ದ ಹೊತ್ತಿಗೆ ಮರದೊಳಗಿನ ಗಂಧಕ ಆಮ್ಲವಾಗಿ ತೊಂದರೆ ಕೊಡತೊಡಗಿತು. ಆರೈಕೆಗೆ ಕೊನೆಯಿಲ್ಲ. ಅಷ್ಟು ಹೊಣೆ ಹೊರಲಾರದವರು ಹಡಗನ್ನು ಇದ್ದಲ್ಲೇ ಇರಗೊಡುವುದು ಲೇಸು. 2001ರ ಯುನೆಸ್ಕೊ ಒಡಂಬಡಿಕೆ ಹೇಳುವುದೂ ಇದನ್ನೇ: ಮೊದಲು ಇದ್ದಲ್ಲೇ ಕಾಪಾಡಿ, ವ್ಯಾಪಾರ ಬೇಡ. ಗೆಲ್ಡರ್‌ಮಾಲ್ಸೆನ್ನಿನ ಪಾಲಿಗೆ ಮಾತ್ರ ಅದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಯಾರ ಗಂಟು ಹೋಯಿತು ಎಂದು ಕೇಳಿದಿರಿ. ಹಡಗು ಕಟ್ಟಿದ ಬಡಗಿಯದು, ಅದರೊಂದಿಗೆ ಮುಳುಗಿದ ನಾವಿಕನದು, ಅವರ ಕಥೆ ಓದಬೇಕಾಗಿದ್ದ ನಮ್ಮ ಮಕ್ಕಳದು. ಇವರಾರೂ ಹರಾಜಿನಲ್ಲಿ ಸವಾಲು ಕೂಗುವವರಲ್ಲ. ಅದಕ್ಕೇ ಅವರ ನಷ್ಟ ಲೆಕ್ಕಕ್ಕೆ ಬರುವುದಿಲ್ಲ.